ಬಾಗೆ ಮರದ ಕಟ್ಟಿಗೆಯಿಂದ ಜೋಕಾಲಿ ಮಣೆ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಮಣೆಯ ಉದ್ದ 26 ಇಂಚು, ಅಗಲ ಹತ್ತೂ ಕಾಲು, ದಪ್ಪ ಒಂದೂವರೆ. ಹಗ್ಗ ಸೇರಿ ಖರ್ಚು 5,320 ರೂಪಾಯಿ. ಮರದ ಕವಲು ಬಿದ್ದದ್ದು 2024ರ ಮೇ ತಿಂಗಳಲ್ಲಿ, ಮಣೆಯ ಮೇಲೆ ಧೈರ್ಯವಾಗಿ ಜನ ಕೂತದ್ದು 2025ರ ನಾಗರ ಪಂಚಮಿಗೆ, ನಮ್ಮ ಕಡೆ ಜೋಕಾಲಿ ಆಡುವ ಹಬ್ಬಕ್ಕೆ. ಅಷ್ಟು ದುಡ್ಡಿಗೆ ಸಾಗವಾನಿ ಮಣೆ ಅಂಗಡಿಯಲ್ಲೇ ಸಿಗುತ್ತಿತ್ತು ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಸಿಗುತ್ತಿತ್ತು, ನಿಜ. ಆದರೂ ಬಾಗೆ ಕಟ್ಟಿಗೆ ಕೈಗೆ ಬಂದವರು ಅದನ್ನು ಒಲೆಗೆ ಹಾಕುವ ಮೊದಲು ಒಮ್ಮೆ ಇದನ್ನು ಓದಲಿ ಅಂತ ಬರೆದಿಡುತ್ತಿದ್ದೇನೆ.

ಮರದ ಬಗ್ಗೆ ನಾಲ್ಕು ಮಾತು. ನಾವು ಇರುವುದು ಬಾಗಲಕೋಟೆ ನವನಗರದಲ್ಲಿ. ಹಳೇ ಊರಿನ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಜಲಾಶಯದಲ್ಲಿ ನೀರು 519.6 ಮೀಟರಿಗೆ ಏರುವ ಮೊದಲೇ ಸಾಮಾನು ಕಟ್ಟಿಕೊಂಡು ಇಲ್ಲಿಗೆ ಬಂದೆವು. ಆ ಮನೆಯ ಹಿತ್ತಲಲ್ಲಿ ದೊಡ್ಡ ಬಾಗೆ ಮರ ಇತ್ತು. ಅದರ ಒಣಕಾಯಿಗಳನ್ನು ಅವ್ವ ಒಂದು ಡಬ್ಬಿ ತುಂಬ ತಂದಿದ್ದಳು. ಊರು ಬಿಟ್ಟು ಹೋಗುವಾಗ ಹೊರುವ ಸಾಮಾನೇ ಇದು ಅಂತ ಅಪ್ಪ ಬೈದಿದ್ದರು. ಅದರಲ್ಲಿ ಒಂದು ಬೀಜ ಮರವಾಗಿ ಇಲ್ಲಿ ನಿಂತಿದೆ.

ಹಿತ್ತಲಲ್ಲಿ ಬಾಗೆ ಮರ ಇದ್ದ ಮನೆಯ ಮಕ್ಕಳಿಗೆ ಆಟಿಗೆ ಕೊಳ್ಳುವ ಗರಜೇ ಇರಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಎಲೆಯೆಲ್ಲ ಉದುರಿ, ಗೇಣುದ್ದದ ಚಪ್ಪಟೆ ಕಾಯಿ ಮಾತ್ರ ಉಳಿಯುತ್ತವೆ. ಗಾಳಿ ಬೀಸಿದರೆ ಒಳಗಿನ ಬೀಜಗಳು ಗಿಲಿಗಿಲಿ ಅನ್ನುತ್ತವೆ. ಹತ್ತಾರು ಕಾಯಿ ಸೇರಿಸಿ ಕಟ್ಟಿದರೆ ಕೂಸಿಗೆ ಗಿಲಕಿ. ಬೇಸಿಗೆಯಲ್ಲಿ ಹೂ. ತಿಳಿಹಸಿರು ಬೆರೆತ ಬಿಳಿ ಎಳೆಗಳ ಗೊಂಡೆ, ಒಳ್ಳೆ ವಾಸನೆ. ಬಿದ್ದ ಹೂ ತಂದು ಒಬ್ಬರ ಕೆನ್ನೆಗೆ ಒಬ್ಬರು ಪೌಡರ್ ಹಚ್ಚುವ ಆಟ. ಮುಟ್ಟಿದರೆ ಮುನಿಯ ಬಳಗದ ಮರ ಇದು. ಆದರೆ ಮುಟ್ಟಿದರೆ ಎಲೆ ಮುದುಡುವುದಿಲ್ಲ, ಕತ್ತಲಾದರೆ ಮಾತ್ರ ಜೋಡಿ ಜೋಡಿಯಾಗಿ ಮುಚ್ಚಿಕೊಳ್ಳುತ್ತದೆ. "ಗಿಡ ಮಲ್ಕೊಂಡೈತಿ, ಇನ್ನ ಕಲ್ಲು ಒಗಿಬ್ಯಾಡ್ರೋ" ಅಂತ ಆಯಿ ನಮ್ಮನ್ನು ಒಳಗೆ ಕರೆಯುತ್ತಿದ್ದಳು.

ತಂಗಿ ಈಗ ಅಮೆರಿಕದ ಜಾರ್ಜಿಯಾದಲ್ಲಿದ್ದಾಳೆ. ಅಲ್ಲಿನ ಅಂಗಳಗಳಲ್ಲಿ ಬಾಗೆಯದೇ ಕುಲದ ಗುಲಾಬಿ ಹೂವಿನ ಮರ ಇದೆ, ಮಿಮೋಸಾ ಅನ್ನುತ್ತಾರೆ. ಏಷ್ಯಾದ ಮರ, 18ನೇ ಶತಮಾನದಲ್ಲಿ ಅಲ್ಲಿಗೆ ಹೋದದ್ದು. ಚಂದಕ್ಕೆ ಅಂತ ನೆಟ್ಟರು, ಈಗ ರಸ್ತೆ ಬದಿ, ಹಳ್ಳದ ದಂಡೆ ಎಲ್ಲ ಕಡೆ ತಾನಾಗೇ ಹಬ್ಬಿ ತಲೆನೋವಾಗಿದೆ. ಅವಳು ಫೋಟೋ ಕಳಿಸಿ, "ಅಣ್ಣಾ, ನಮ್ಮ ಬಾಗಿ ಗಿಡಕ್ಕ ಯಾರೋ ಓಕಳಿ ಉಗ್ಗ್ಯಾರ ನೋಡು" ಅಂದಳು. 2025ರ ಪಂಚಮಿಗೆ ಬರುತ್ತೇನೆ ಅಂತಲೂ ಅಂದಳು. ಈ ಕೆಲಸಕ್ಕೆ ಗಡುವು ಬಿದ್ದದ್ದು ಹಾಗೆ.

1. ಮೇ 2024: ಬಿದ್ದ ಕವಲು

ಸಂಜೆಯ ಗಾಳಿ, ಜೊತೆಗೆ ಆಣಿಕಲ್ಲು. ಬೊಡ್ಡೆ ಎದೆಮಟ್ಟದಲ್ಲಿ ಎರಡಾಗಿ ಕವಲೊಡೆದಿತ್ತು. ಅದರಲ್ಲಿ ಒಂದು ಕವಲು ಸೀಳಿ ಕಾಂಪೌಂಡ್ ಮೇಲೆ ಬಿತ್ತು. ಸೀಳಿದ ಜಾಗ ನೋಡಿದರೆ ಕಾರಣ ಗೊತ್ತಾಗುತ್ತದೆ. ಕವಲಿನ ಸಂದು ಬಹಳ ಕಿರಿದು. ಎರಡೂ ಕಡೆಯ ತೊಗಟೆ ಬೆಳೆಯುತ್ತಾ ಬೆಳೆಯುತ್ತಾ ಒಳಗೇ ಸಿಕ್ಕಿಕೊಂಡಿತ್ತು, ಕಟ್ಟಿಗೆಗೆ ಕಟ್ಟಿಗೆ ಕೂಡಿರಲೇ ಇಲ್ಲ. ಆ ಸಂದಿನಲ್ಲಿ ನೀರು ನಿಂತು, ನಾಲ್ಕು ಬೆರಳು ಹೋಗುವಷ್ಟು ಕೊಳೆತಿತ್ತು. ಸಸಿ ಸಣ್ಣದಿದ್ದಾಗಲೇ ಒಂದು ಕವಲು ಚಿವುಟಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ತಾನಾಗಿ ಬಿದ್ದದ್ದಾದರೂ ಫೋಟೋ ಹಚ್ಚಿ ಅರಣ್ಯ ಇಲಾಖೆ ಕಚೇರಿಗೆ ಅರ್ಜಿ ಕೊಟ್ಟೆ. ಕಾಗದ ಕೈಗೆ ಬಂದ ಮೇಲೆಯೇ ಗಾಡಿ ತರಿಸಿದ್ದು. ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಏನಾದರೂ ಇರಬೇಕು, ಅಲ್ವಾ?

ಕಡಿಯುವವರಿಗೆ 1,800 ರೂಪಾಯಿ. ನಿಂತ ಅರ್ಧದಲ್ಲೂ ಬೀದಿ ಕಡೆ ಬಾಗಿದ್ದ ಒಂದು ದಪ್ಪ ಟೊಂಗೆಯನ್ನು ಭಾರ ಇಳಿಸಲು ತೆಗೆಸಿದೆ. ಇಲ್ಲಿ ಒಂದು ಎಡವಟ್ಟಾಯಿತು. ದಪ್ಪ ಟೊಂಗೆಯನ್ನು ಮೊದಲು ಕೆಳಗಿನಿಂದ ಕಾಲು ಭಾಗ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಬಂದವರು ಮೇಲಿನಿಂದಲೇ ಶುರು ಮಾಡಿದರು. ಟೊಂಗೆ ತನ್ನ ಭಾರಕ್ಕೆ ಕುಸಿದು, ಬೊಡ್ಡೆಯ ತೊಗಟೆಯನ್ನು ಎರಡು ಅಡಿ ಸುಲಿದುಕೊಂಡು ಬಿತ್ತು. ಗಾಯಕ್ಕೆ ಡಾಂಬರು ಬಳಿಯೋಣ ಅಂದರು. ಬೇಡ ಅಂದೆ. ಡಾಂಬರಿನ ಕೆಳಗೆ ತೇವ ಉಳಿದರೆ ಕೊಳೆಯುವುದು ಜಾಸ್ತಿ. ಸುಲಿದ ಅಂಚನ್ನು ಚೂಪು ಉಳಿಯಿಂದ ನಯ ಮಾಡಿ, ನೀರು ನಿಲ್ಲದಂತೆ ಇಳಿಜಾರು ಕೊಟ್ಟು ಬಿಟ್ಟೆ. ಈಗ ಅಂಚಿನಿಂದ ಹೊಸ ತೊಗಟೆ ಉರುಟಾಗಿ ಬರುತ್ತಿದೆ.

2. ಜೂನ್ 2024: ಸಾಮಿಲ್

ದಿಮ್ಮಿ 7 ಅಡಿ ಉದ್ದ, ನಡುವಿನ ಸುತ್ತಳತೆ 44 ಇಂಚು. ಸಾಮಿಲ್ ಲೆಕ್ಕದಲ್ಲಿ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದಕ್ಕೆ ಗುಣಿಸುತ್ತಾರೆ. 11 ಗುಣಿಸು 11 ಗುಣಿಸು 84, ಅದನ್ನು 1,728ರಿಂದ ಭಾಗಿಸಿದರೆ ಸುಮಾರು 5.9 ಘನ ಅಡಿ. ದುಂಡು ದಿಮ್ಮಿಯಲ್ಲಿ ನಿಜವಾಗಿ ಇರುವ ಕಟ್ಟಿಗೆ ಏಳೂವರೆ ಘನ ಅಡಿ. ಕೊಯ್ತದ ಕೂಲಿ ಕೊಡುವಾಗ ಈ ಲೆಕ್ಕ ನಮಗೆ ಲಾಭ, ದಿಮ್ಮಿ ಮಾರುವಾಗ ನಷ್ಟ. ಟಂಟಂ ಬಾಡಿಗೆ 600, ಕೊಯ್ತ 470.

ದಿಮ್ಮಿಯನ್ನು ಮೂರೂವರೆ ಅಡಿಯ ಎರಡು ತುಂಡು ಮಾಡಿ, 2 ಇಂಚಿನ ಹಲಗೆ ಕೊಯ್ಸಿದೆ. ಒಂದೇ ಒಂದು ಹಲಗೆ ಮಾತ್ರ 1 ಇಂಚು, ಅದರ ಕಥೆ ಮುಂದೆ ಇದೆ. ಮಷೀನ್ ಹುಡುಗ ಗರಗಸ ಶುರು ಮಾಡುವ ಮೊದಲೇ ಮೂಗಿಗೆ ಕರ್ಚೀಫ್ ಕಟ್ಟಿಕೊಂಡ. "ಬಾಗಿ ಬಂತಂದ್ರ ಸೀನು ಬಂತು ಸರ್" ಅಂದ. ಸುಮ್ನೆ ಹೇಳುತ್ತಾನೆ ಅಂದುಕೊಂಡೆ. ಎರಡನೇ ಹಲಗೆ ಮುಗಿಯುವಷ್ಟರಲ್ಲಿ ಅಲ್ಲಿ ನಿಂತವರೆಲ್ಲ ಸೀನುತ್ತಿದ್ದೆವು. ಬಾಗೆಯ ಹೊಟ್ಟು ಮೂಗಿಗೆ ನಿಜವಾಗಲೂ ಹತ್ತುತ್ತದೆ. ಮಾಸ್ಕ್ ಒಯ್ಯಿರಿ.

ಹಲಗೆ ಬಿಚ್ಚಿಕೊಂಡಾಗ ಒಳಗಿನ ಬಣ್ಣ ನೋಡಬೇಕು. ನಡುವೆ ಎಂಟೂವರೆ ಇಂಚು ಚೇಗು, ಅಂದರೆ ಒಳಗಿನ ಗಟ್ಟಿ ಕಟ್ಟಿಗೆ. ಕಂದು ಬಣ್ಣ, ಅದರಲ್ಲಿ ಕಪ್ಪು ಗೆರೆಗಳು. ಸುತ್ತ ಎರಡು-ಮೂರು ಇಂಚು ಬಿಳಿ ಕಟ್ಟಿಗೆ. ಎರಡಕ್ಕೂ ನಡುವೆ ಪೆನ್ಸಿಲ್ಲಿನಿಂದ ಎಳೆದಷ್ಟು ಸ್ಪಷ್ಟ ಗೆರೆ. ಆ ಗೆರೆಯ ಆಚೆ ಇರುವುದೆಲ್ಲ ನಮ್ಮದಲ್ಲ, ಹುಳದ ಪಾಲು.

3. ಆಗಸ್ಟ್ 2024: ಅವಸರದ ಮಣೆ

ಆ ವರ್ಷ ಪಂಚಮಿ ಆಗಸ್ಟ್ 9ಕ್ಕೆ ಇತ್ತು. ಕಟ್ಟಿಗೆ ಹಸಿ. ಆದರೆ ಮನೆಯಲ್ಲಿ ಮಕ್ಕಳಿದ್ದರು, ಅವ್ವನೂ ಅವರ ಪಕ್ಷ. ಅದಕ್ಕೇ ಆ 1 ಇಂಚಿನ ಹಲಗೆ. ದಿಮ್ಮಿಯ ನಟ್ಟನಡುವಿನದು, ಅಗಲ ಜಾಸ್ತಿ ಸಿಗುತ್ತದೆ ಅಂತ ಅದನ್ನೇ ಆರಿಸಿದ್ದೆ. ತುದಿಯಿಂದ ಒಂದೂವರೆ ಇಂಚಿಗೆ ತೂತು ಕೊರೆದು, ನೈಲಾನ್ ಹಗ್ಗ ಪೋಣಿಸಿ ಕಟ್ಟಿದೆ.

ರೊಟ್ಟಿ ಹಬ್ಬದ ದಿನ ಸರಿ ಇತ್ತು. ಪಂಚಮಿಯ ದಿನ ಹಲಗೆ ದೋಣಿಯಂತೆ ಬಾಗಿತ್ತು. ಮರುದಿನ ನಡು ತಿರುಳಿನ ಉದ್ದಕ್ಕೂ ಕೂದಲೆಳೆಯ ಸೀಳು ಬಂತು. ಅದು ಒಂದು ಕಡೆಯ ತೂತಿಗೆ ಹೋಗಿ ಕೂಡಿತು. ಅಲ್ಲಿಗೆ ಬಿಚ್ಚಿ ಇಟ್ಟೆ. ಯಾರಿಗೂ ಪೆಟ್ಟಾಗಲಿಲ್ಲ.

ಇದರಲ್ಲಿ ಕೆಟ್ಟದ್ದು ಮೂರು. ಹಸಿ ಕಟ್ಟಿಗೆ, ತಿರುಳು ಸೇರಿದ ಹಲಗೆ, ತುದಿಗೆ ತೀರ ಹತ್ತಿರದ ತೂತು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಯಾರೂ ಹೇಳುವುದಿಲ್ಲ. ದಿಮ್ಮಿಯ ನಟ್ಟನಡುವಿನ ತಿರುಳು ಯಾವ ಹಲಗೆಯಲ್ಲಿ ಉಳಿದಿರುತ್ತದೋ ಆ ಹಲಗೆ ಒಣಗುವಾಗ ಅಲ್ಲೇ ಸೀಳುತ್ತದೆ. ಎಷ್ಟು ನಿಧಾನ ಒಣಗಿಸಿದರೂ ಅಷ್ಟೇ. ತಿರುಳಿನ ಒಂದು ಇಂಚನ್ನು ಕೊಯ್ದು ಒಲೆಗೆ ಹಾಕುವುದೇ ಲೇಸು.

4. ಜೂನ್ 2024ರಿಂದ ಮೇ 2025: ಒಣಗಿಸುವುದು

ಉಳಿದ ಹಲಗೆಗಳು ಹಿತ್ತಲ ತಗಡಿನ ಕೆಳಗೆ ಇದ್ದವು. ಬಿಸಿಲು ಬೀಳಬಾರದು, ಗಾಳಿ ಆಡಬೇಕು. ಕೆಳಗೆ ಇಟ್ಟಿಗೆ, ಹಲಗೆ ಹಲಗೆಯ ನಡುವೆ 1 ಇಂಚಿನ ಒಣ ಪಟ್ಟಿ, ಒಂದೂವರೆ ಅಡಿಗೊಂದು. ಮೇಲಿನ ಪಟ್ಟಿಯ ನೇರಕ್ಕೇ ಕೆಳಗಿನ ಪಟ್ಟಿ ಬರಬೇಕು, ಇಲ್ಲದಿದ್ದರೆ ಹಲಗೆ ಅಲೆಅಲೆಯಾಗುತ್ತದೆ. ಮೇಲೆ ಭಾರಕ್ಕೆ ನಾಲ್ಕು ಫರಶಿ ಕಲ್ಲು.

ಕಟ್ಟಿಗೆಯ ನೀರು ತುದಿಗಳಿಂದ ಬೇಗ ಹೋಗುತ್ತದೆ. ಬಾಗಲಕೋಟೆಯ ಒಣಹವೆಗೆ ತುದಿ ಮೊದಲು ಒಣಗಿ ಸೀಳುತ್ತದೆ. ಅದಕ್ಕೆ ಗೇಟಿಗೆ ಹೊಡೆದು ಉಳಿದಿದ್ದ ಎಣ್ಣೆ ಬಣ್ಣವನ್ನು ತುದಿಗಳಿಗೆ ಎರಡು ಕೈ ಬಳಿದೆ. ಬಣ್ಣ ಸಾಲದೆ ಒಂದು ಹಲಗೆಯ ಒಂದು ತುದಿ ಹಾಗೇ ಉಳಿಯಿತು. ಆ ಒಂದರಲ್ಲೇ 5 ಇಂಚು ಸೀಳು ಬಿದ್ದಿದೆ. ಬಣ್ಣ ಬಳಿದ ತುದಿಗಳಲ್ಲಿ ಒಂದು ಇಂಚೂ ಇಲ್ಲ. ಬೇಕಂತಲೇ ಪರೀಕ್ಷೆ ಮಾಡಿದ್ದರೂ ಇಷ್ಟು ಚೊಕ್ಕ ಉತ್ತರ ಬರುತ್ತಿರಲಿಲ್ಲ.

ಒಣಗಿತೋ ಇಲ್ಲವೋ ತಿಳಿಯಲು ತಕ್ಕಡಿ ಸಾಕು. ಒಂದು ಹಲಗೆಯನ್ನು ಗುರುತು ಮಾಡಿ, ಮೂಲೆಯ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಆಗಾಗ ಹೊತ್ತೊಯ್ಯುತ್ತಿದ್ದೆ. ತೂಕವನ್ನು ಹಲಗೆಯ ಮೇಲೇ ಪೆನ್ಸಿಲ್ಲಿನಿಂದ ಬರೆದೆ. ಜೂನ್ 13.2 ಕಿಲೋ. ಸೆಪ್ಟೆಂಬರ್ 11.4. ಡಿಸೆಂಬರ್ 9.9. ಮಾರ್ಚ್ 9.2. ಮೇ 9.1. ತೂಕ ಇಳಿಯುವುದು ನಿಂತರೆ ಕೆಲಸ ಶುರು ಮಾಡಬಹುದು. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುತ್ತಾರೆ. ನಮ್ಮ ಬಿಸಿಲಿಗೆ ಎರಡು ಇಂಚು ಹನ್ನೊಂದು ತಿಂಗಳಲ್ಲೇ ನಿಂತಿತು.

ಅಕ್ಟೋಬರಿನಲ್ಲಿ ಕಟ್ಟಿಗೆ ಕೊರೆಯುವ ಕುಟ್ಟೆ ಹುಳ ಹತ್ತಿತು. ಒಂದು ಮುಂಜಾನೆ ಫರಶಿ ಮೇಲೆ ಜೋಳದ ಹಿಟ್ಟಿನಷ್ಟು ನುಣ್ಣಗಿನ ಪುಡಿಯ ಸಣ್ಣ ಸಣ್ಣ ಗುಡ್ಡೆ. ಹಲಗೆಯನ್ನು ತಟ್ಟಿದರೆ ಸೂಜಿ ಮೊನೆಯ ತೂತುಗಳಿಂದ ಇನ್ನಷ್ಟು ಉದುರಿತು. ಎಲ್ಲ ತೂತೂ ಬಿಳಿ ಕಟ್ಟಿಗೆಯಲ್ಲೇ. ಚೇಗಿನ ಗೆರೆ ಬಂದಲ್ಲಿ ತೂತು ನಿಂತಿದೆ. ಅವತ್ತೇ ಕೈಗರಗಸದಿಂದ ಬಿಳಿ ಅಂಚುಗಳನ್ನೆಲ್ಲ ಕೊಯ್ದು ಒಲೆಗೆ ಕಳಿಸಿದೆ. ಚೇಗಿಗೆ ಬೋರಾಕ್ಸ್ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಒಂದು ಕೈ ಬಳಿದೆ. ಕೇರಂ ಆಡಲು ತಂದ ಬೋರಿಕ್ ಪುಡಿ, ಆಮೇಲೆ ಮಗನ ಜೊತೆ ಜಗಳ. ಅಲ್ಲಿಂದ ಪುಡಿ ಬಿದ್ದಿಲ್ಲ. ಬಿಳಿ ಕಟ್ಟಿಗೆಯನ್ನು ಸಾಮಿಲ್ಲಿನಲ್ಲೇ ತೆಗೆಸಬೇಕು. ಅದೂ ಕಟ್ಟಿಗೆಯೇ ತಾನೇ ಅಂತ ಆಸೆಗೆ ಉಳಿಸಿಕೊಂಡರೆ ಹುಳವನ್ನು ಮನೆಗೆ ಕರೆದಂತೆ.

5. ನಡುವೆ, ಬೀಜ

ನಿಂತ ಅರ್ಧದ ಕಾಯಿಗಳು ಜನವರಿಯಲ್ಲಿ ಒಣಗಿದವು. ಸುಮ್ನೆ ಮಣ್ಣಿಗೆ ಹಾಕಿದ ಬೀಜ ಬಹುಪಾಲು ಹಾಗೇ ಕೂತವು. ಸಿಪ್ಪೆ ಬಹಳ ಗಟ್ಟಿ. ನೀರು ಕುದಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ ರಾತ್ರಿಯಿಡೀ ಬಿಟ್ಟೆ. ಉಬ್ಬಿದವು ನೇರ ಪಾಕೀಟಿಗೆ. ಉಬ್ಬದವುಗಳ ಅಂಚನ್ನು ನೇಲ್ ಕಟರಿನಿಂದ ಒಂಚೂರು ಕಚ್ಚಿಸಿ ಮತ್ತೆ ನೆನೆಸಿದೆ. ಸಸಿಗಳಿಗೆ ಆಡಿನ ಕಾಟ ಒಂದೇ. ಎಲೆ ಕಂಡರೆ ಬಿಡುವುದಿಲ್ಲ. ಗೋಡೆಯಿಂದ ಕನಿಷ್ಠ ಹದಿನೈದು ಅಡಿ ದೂರ ನೆಡಿ, ಬೇರು ಮೇಲೆಮೇಲೇ ಹರಿಯುತ್ತದೆ. ಎರಡನೇ ಕುಡಿ ಬಂದರೆ ಆಗಲೇ ಚಿವುಟಿ.

6. ಜೂನ್ 2025: ಬಡಿಗೇರ ಕಾಕಾ

ಗರಗಸ, ಡ್ರಿಲ್ ನನ್ನಲ್ಲೇ ಇದೆ. ಹಲಗೆ ಹೆರೆಯುವ ರಂದಾ ಹಿಡಿಯಲು ಬರುವುದಿಲ್ಲ. ಓಣಿಯ ಬಡಿಗೇರ ಕಾಕಾನನ್ನು ಕರೆದೆ. ಕೂಲಿ 800. ಬಂದವರೇ ಹಲಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಿದರು. ಆಮೇಲೆ ಮೂಗಿಗೆ ಒದ್ದೆ ಟಾವೆಲ್ ಕಟ್ಟಿಕೊಂಡರು. "ಈ ಗಿಡದ ಕೆಲಸ ಅಂದ್ರ ನಮ್ಮಪ್ಪ ಹಿತ್ತಲಾಗ ಕುಂತು ಮಾಡ್ತಿದ್ದ ನೋಡ್ರಿ, ಮನಿಯಾಗ ಯಾರೂ ಸೇರಸ್ತಿರಲಿಲ್ಲ" ಅಂದರು.

ಒಂದೇ ಹಲಗೆಯ ಮಣೆ ಆಗುವುದಿಲ್ಲ ಅಂತ ಅವರೂ ಒಪ್ಪಿದರು. ತಿರುಳು ತೆಗೆದ ಮೇಲೆ ಅಗಲ ಎಲ್ಲಿದೆ? ಮೂರೂ ಕಾಲು ಇಂಚಿನ ಮೂರು ಪಟ್ಟಿ, ನಡುವೆ ಕಾಲು ಇಂಚಿನ ಸಂದು, ಅಡಿಯಲ್ಲಿ ಎರಡು ಅಡ್ಡಪಟ್ಟಿ. "ಒಂದ ಹಲಗಿ ಇದ್ರ ಚಂದ ಕಾಣ್ತಿತ್ತು" ಅಂತ ಅವ್ವ ಈಗಲೂ ಅನ್ನುತ್ತಾಳೆ. ಚಂದ ಕಾಣುತ್ತಿತ್ತು. ಮುಂದಿನ ಬೇಸಿಗೆಗೆ ಬಾಗುತ್ತಲೂ ಇತ್ತು. ಸಂದು ಇದ್ದರೆ ಕಟ್ಟಿಗೆ ಮಳೆಗಾಲದಲ್ಲಿ ಉಬ್ಬಲು, ಬೇಸಿಗೆಯಲ್ಲಿ ಕುಗ್ಗಲು ಜಾಗ ಇರುತ್ತದೆ. ನೀರೂ ನಿಲ್ಲುವುದಿಲ್ಲ.

ಬಾಗೆಯ ಎಳೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ರಂದಾ ಒಂದು ಕಡೆಯಿಂದ ನುಣ್ಣಗೆ ಹೋಗಿ, ಗೇಣು ದಾಟಿದ ಮೇಲೆ ಸಿಬಿರು ಎಬ್ಬಿಸಿತು. ಕಾಕಾ ರಂದಾದ ಬಾಯಿ ಕಿರಿದು ಮಾಡಿ, ಓರೆಯಾಗಿ ಹಿಡಿದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿದರು. ಹೊಟ್ಟಿನ ಬದಲು ಸುರುಳಿ ಬಂದಾಗ ಸೀನೂ ಕಡಿಮೆಯಾಯಿತು. ಉಳಿದದ್ದು ಪಾಲಿಶ್ ಪೇಪರ್ ಕೆಲಸ. 80, 120, 220, ಒಟ್ಟು 60 ರೂಪಾಯಿ.

ತೂತು ನಾಲ್ಕು. ಹೊರಗಿನ ಎರಡು ಪಟ್ಟಿಗಳಿಗೆ, ತುದಿಯಿಂದ ಎರಡೂವರೆ ಇಂಚು ಒಳಗೆ, ಅಡ್ಡಪಟ್ಟಿಯನ್ನೂ ಸೇರಿಸಿ ಕೊರೆದೆವು. ಹೀಗೆ ಮಾಡಿದರೆ ಪಟ್ಟಿ ಸೀಳಲು ಹೋದರೂ ಅಡ್ಡಪಟ್ಟಿ ಬಿಡುವುದಿಲ್ಲ. ಹಗ್ಗ 20 ಮಿಲಿಮೀಟರ್, ತೂತು 24. ಅರ್ಧ ಮೇಲಿನಿಂದ, ಅರ್ಧ ಕೆಳಗಿನಿಂದ ಕೊರೆಯಬೇಕು, ಇಲ್ಲದಿದ್ದರೆ ಆಚೆ ಬದಿ ಚಕ್ಕೆ ಏಳುತ್ತದೆ. ತೂತಿನ ಬಾಯಿಯನ್ನು ದುಂಡು ಅರದಿಂದ ಉಜ್ಜಿ ಮೊನೆ ಮುರಿದೆವು. ಹಗ್ಗವನ್ನು ತಿನ್ನುವುದು ಆ ಮೊನೆಯೇ.

7. ಎಣ್ಣೆ

ಗಾಣದಿಂದ ಹಸಿ ಅಗಸಿ ಎಣ್ಣೆ ತಂದು ಬಳಿದೆ. 180 ರೂಪಾಯಿ. ಅದು ಒಣಗುವುದು ಬಹಳ ನಿಧಾನ. ವಾರ ಕಳೆದರೂ ಅಂಟು, ಅದರ ಮೇಲೆ ಬೀದಿಯ ಧೂಳೆಲ್ಲ ಕೂತಿತು. ಟರ್ಪೆಂಟೈನ್ ಹಾಕಿ ಒರೆಸಿ ತೆಗೆದು, ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್ಸೀಡ್ ತಂದೆ. ಎರಡೂ ಸೇರಿ 260. ತೆಳ್ಳಗೆ ಬಳಿದು, ಅರ್ಧ ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ, ಮರುದಿನ ಮತ್ತೊಮ್ಮೆ. ಕಪ್ಪು ಗೆರೆಗಳು ಎದ್ದು ಬಂದವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸಿ ಎಣ್ಣೆಯ ಬಟ್ಟೆ ಒಳಗೊಳಗೇ ಕಾದು ತಾನಾಗೇ ಹೊತ್ತಿಕೊಳ್ಳುತ್ತದೆ. ತಂತಿ ಮೇಲೆ ಹರವಿ ಒಣಗಿಸಿ.

8. ಜುಲೈ 2025: ಕಟ್ಟಿದ್ದು

ಜೋಕಾಲಿಯನ್ನು ಬಾಗೆಗೆ ಕಟ್ಟಲಿಲ್ಲ. ಹಳೇ ಮನೆಯಲ್ಲೂ ಕಟ್ಟುತ್ತಿರಲಿಲ್ಲ, ಪಕ್ಕದ ಬೇವಿಗೇ ಕಟ್ಟುತ್ತಿದ್ದರು. ಒಮ್ಮೆ ಅರ್ಧ ಸೀಳಿದ ಮರದ ಉಳಿದರ್ಧವನ್ನು ನಂಬುವುದು ಹೇಗೆ? ಜೋರಾಗಿ ಜೀಕಿದಾಗ ಹಗ್ಗದ ಮೇಲೆ ಮನುಷ್ಯನ ತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದೆ. ಇಲ್ಲೂ ಬೇವಿದೆ. ಟೊಂಗೆಯ ಸುತ್ತಳತೆ 34 ಇಂಚು, ನೆಲದಿಂದ 13 ಅಡಿ.

ನೂಲಿನ ಹಗ್ಗ 45 ಅಡಿ, 1,150 ರೂಪಾಯಿ. ನೈಲಾನ್ ಕೈ ಕೊಯ್ಯುತ್ತದೆ, ಗಂಟೂ ಜಾರುತ್ತದೆ. ಎರಡು ತುಂಡು ಮಾಡಿ, ಪ್ರತಿ ಹಗ್ಗವನ್ನು ಟೊಂಗೆಗೆ ಎರಡು ಸುತ್ತು ಸುತ್ತಿ ಇಳಿಬಿಟ್ಟೆ. ಕೆಳಗೆ ಅದು ಮುಂದಿನ ತೂತಿನಿಂದ ಇಳಿದು, ಮಣೆಯ ಅಡಿಯಿಂದ ಹಾದು, ಹಿಂದಿನ ತೂತಿನಿಂದ ಮೇಲೆ ಬಂದು, ತನಗೇ ಗಂಟು ಬೀಳುತ್ತದೆ. ಅಂದರೆ ಮಣೆ ಹಗ್ಗದ ಮೇಲೆ ಕೂತಿರುತ್ತದೆ, ಸ್ಕ್ರೂ ಮೇಲೆ ಅಲ್ಲ. ಟೊಂಗೆಗೆ ಗೋಣಿತಟ್ಟು, ಅದರ ಮೇಲೆ ಸೈಕಲ್ ಟೈರಿನ ತುಂಡು.

ಮಕ್ಕಳನ್ನು ಹತ್ತಿಸುವ ಮೊದಲು ಸಿಮೆಂಟ್ ಚೀಲಗಳಿಗೆ ಉಸುಕು ತುಂಬಿ ಸುಮಾರು ಒಂದೂವರೆ ಕ್ವಿಂಟಲ್ ಹೇರಿ ರಾತ್ರಿಯಿಡೀ ಬಿಟ್ಟೆ. ಮುಂಜಾನೆ ಮಣೆ ಮೂರು ಇಂಚು ಕೆಳಗೆ. ಟೊಂಗೆ ಅಲ್ಲಾಡಿರಲಿಲ್ಲ, ಹೊಸ ಹಗ್ಗ ಎಳೆದುಕೊಂಡಿತ್ತು. ಬಿಚ್ಚಿ ನೆಲದಿಂದ ಒಂದೂವರೆ ಅಡಿಗೆ ಮತ್ತೆ ಕಟ್ಟಿದೆ.

ಪಂಚಮಿ ಜುಲೈ 29ಕ್ಕೆ. ತಂಗಿ ಎರಡು ದಿನ ಮೊದಲೇ ಬಂದಳು. ಶೇಂಗಾ ಉಂಡಿ ತಿಂದ ಕೈಯಲ್ಲೇ ಹಗ್ಗ ಹಿಡಿದು ನಿಂತು ಜೀಕಿದಳು. ಮಣೆ ಕಿರ್ ಅನ್ನಲಿಲ್ಲ.

9. ಹಬ್ಬದ ನಂತರ

ಹಗ್ಗವನ್ನು ಆ ವಾರವೇ ಇಳಿಸಿದೆ. ಟೊಂಗೆಗೆ ಬಿಗಿದಂತೆಯೇ ವರ್ಷಗಟ್ಟಲೆ ಬಿಟ್ಟರೆ ಅದು ತೊಗಟೆಯೊಳಗೆ ಇಳಿದು ಟೊಂಗೆಯನ್ನೇ ಸಾಯಿಸುತ್ತದೆ. ಮಣೆ ಒಳಗೆ ಗೋಡೆಗೆ ಆನಿಸಿದೆ, ಪಟ್ಟಿಗಳ ಸಂದು ಈಗ ಕಾಲು ಇಂಚಿಗಿಂತ ತುಸು ಕಡಿಮೆ. ಮಳೆಗಾಲ, ಉಬ್ಬಿದೆ.

ಒಂದು ಹಲಗೆ ಇನ್ನೂ ಉಳಿದಿದೆ. ರೊಟ್ಟಿ ಹಿಟ್ಟು ನಾದುವ ಕೊಣಮಿಗೆ ಮಾಡಿಸೋಣ ಅಂತ ಅವ್ವ ಅಂದಳು. ಕಾಕಾ ಕೈ ಮುಗಿದರು. "ಸೀನು ಬರಸೋ ಕಟ್ಟಿಗಿ ಐತಿ ಬೇ ಯವ್ವಾ, ಇದರಾಗ ಹಿಟ್ಟು ನಾದಬ್ಯಾಡ್ರಿ." ಹಾಗಾಗಿ ಅದು ಕಿಟಕಿಯ ಕೆಳಗಿನ ಕಪಾಟಿಗೆ ಹೋಗಲಿದೆ. 5 ಇಂಚು ಸೀಳಿದ್ದು ಆ ಹಲಗೆಯೇ. ಸೀಳಿದ ತುದಿಯನ್ನು ಗೋಡೆ ಕಡೆ ತಿರುಗಿಸುವುದೋ, ಕೊಯ್ದೇ ಬಿಡುವುದೋ, ದೀಪಾವಳಿ ಸುಣ್ಣ ಬಳಿಯುವಷ್ಟರಲ್ಲಿ ತೀರ್ಮಾನ ಮಾಡಬೇಕು.